ಏಳಬೇಡ ಎನ್ನುವುದು ಪ್ರೀತಿಯೇ?

ಸಾವನದುರ್ಗದ ಕರಿಗುಡ್ಡ ಹತ್ತಿದವರಿಗೆ ಗೊತ್ತು, ಅರ್ಧ ದಾರಿಗೇ ಏದುಸಿರು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಬೆಟ್ಟವದು. ನಾವು ಕುಳಿತು ಸುಧಾರಿಸಿಕೊಂಡು ಮುಂದೆ ಹೋಗುತ್ತೇವೆ. ಸ್ಕ್ಲೆರೋಡರ್ಮಾ ರೋಗ ಶ್ವಾಸಕೋಶಕ್ಕೆ ತಟ್ಟಿದವರಿಗೆ ಮಂಚದಿಂದ ಬಚ್ಚಲಿಗೆ ಹೋಗುವುದೇ ಕರಿಗುಡ್ಡ.

ದೇಹದ ರಕ್ಷಣಾ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಈ ರೋಗ ಹೆಂಗಸರಲ್ಲೇ ಹೆಚ್ಚು. ಚರ್ಮ ಬಿಗಿದು ಗಟ್ಟಿಯಾಗುತ್ತದೆ. ತಣ್ಣೀರು ಮುಟ್ಟಿದರೆ ಬೆರಳು ಬಿಳಿಚಿ ನೀಲಿಗಟ್ಟುತ್ತದೆ. ಹಲವರಿಗೆ ಶ್ವಾಸಕೋಶದೊಳಗೂ ಗಾಯದ ಕಲೆಯಂತೆ ನಾರು ಬೆಳೆಯುತ್ತದೆ. ಮೈಕೋಫೆನೊಲೇಟ್, ನಿಂಟೆಡಾನಿಬ್ ಮುಂತಾದ ಔಷಧಗಳು ಅದರ ವೇಗ ತಗ್ಗಿಸಬಲ್ಲವು. ಆದ ಕಲೆಯನ್ನು ಅಳಿಸಲಾರವು.

ಇಂಥ ತಾಯಿಯಿರುವ ಮನೆಯಲ್ಲಿ "ಅಮ್ಮಾ, ನೀನು ಏಳಬೇಡ" ಎಂಬುದೇ ಮಾತು. ನೀರು, ಊಟ, ಜಪಮಾಲೆ ಎಲ್ಲವೂ ಮಂಚಕ್ಕೇ ಬರುತ್ತವೆ. ಪ್ರೀತಿಯೇನೋ ನಿಜ. ಆದರೆ ಬಳಸದ ಕಾಲು ಸೊರಗುತ್ತದೆ. ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ದಣಿದು ಹೆಚ್ಚು ಉಸಿರು ಬೇಡುತ್ತದೆ. ಅದಕ್ಕೆ ಹೆದರಿ ಆಕೆ ಇನ್ನಷ್ಟು ಮಲಗುತ್ತಾಳೆ.

ಈ ಸುತ್ತನ್ನು ಮುರಿಯುವುದೇ ಉಸಿರಾಟದ ಪುನಶ್ಚೇತನ. ವೈದ್ಯರು ಹೃದಯ ಪರೀಕ್ಷಿಸಿ, 6 ನಿಮಿಷ ನಡೆಸಿ ನೋಡಿ, ಮಿತಿ ಗೊತ್ತುಮಾಡುತ್ತಾರೆ. ಆಮೇಲೆ ಮನೆಯಲ್ಲೇ ವಾರಗಟ್ಟಲೆ ಅಭ್ಯಾಸ: ಜಗಲಿಯಲ್ಲಿ ನಡಿಗೆ, ನಡುವೆ ವಿಶ್ರಾಂತಿ, ಕುರ್ಚಿಯಿಂದ ಎದ್ದು ಕೂರುವುದು, ದಣಿದಾಗ ಮುಂದಕ್ಕೆ ಬಾಗಿ ಕೈಯೂರಿ ಉಸಿರಾಡುವುದು. ಎದೆನೋವೋ ತಲೆಸುತ್ತೋ ಬಂದರೆ ನಿಲ್ಲಿಸಲೇಬೇಕು. ಆಕ್ಸಿಮೀಟರ್ ಕೂಡ ಈ ರೋಗಿಗಳ ತಣ್ಣನೆಯ ಬೆರಳಲ್ಲಿ ತಪ್ಪು ಲೆಕ್ಕ ಹೇಳೀತು. ಕಿವಿಗೋ ಹಣೆಗೋ ಹಾಕುವಂಥದ್ದು ಬೇಕಾದೀತು.

"ವಾಸಿಯಾಗದ ರೋಗಕ್ಕೆ ಈ ಕಷ್ಟವೇಕೆ ಸ್ವಾಮಿ? ಶಿಲುಬೆಯೆಂದು ಹೊತ್ತರಾಯಿತು" ಎನ್ನುವವರುಂಟು. ಶಿಲುಬೆ ಹೊರುವುದೆಂದರೆ ಮಲಗುವುದಲ್ಲವಲ್ಲ! ಸಿರೇನಿನ ಸಿಮೋನ ಹೆಗಲು ಕೊಟ್ಟ. ಯೇಸುಸ್ವಾಮಿ ತಮ್ಮ ಕಾಲಲ್ಲೇ ನಡೆದರು. ಅಭ್ಯಾಸದಿಂದ ಶ್ವಾಸಕೋಶ ವಾಸಿಯಾಗದು, ನಿಜ. ಉಳಿದ ಉಸಿರಲ್ಲೇ ಸ್ವತಃ ಸ್ನಾನ ಮಾಡುವಷ್ಟು, ಭಾನುವಾರ ಪೂಜೆಗೆ ಬರುವಷ್ಟು ಬಲ ಬಂದರೆ ಅದು ಸಣ್ಣ ಮಾತೇ?

ಹಾಗೆಂದು ಒತ್ತಾಯವೂ ಸಲ್ಲದು. ಜೀವ ಕಾಪಾಡಲು ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ, ವಿಪರೀತ ಹೊರೆಯಾಗುವುದು ಕಡ್ಡಾಯವಲ್ಲ ಎಂದು ಪೋಪ್ ಹನ್ನೆರಡನೆಯ ಪಿಯುಸ್ 1957ರಲ್ಲಿ ವೈದ್ಯರಿಗೆ ಹೇಳಿದ್ದರು. ಯಾವುದು ಹೊರೆ ಎಂಬುದು ವ್ಯಕ್ತಿ, ಸ್ಥಳ, ಕಾಲಕ್ಕೆ ತಕ್ಕಂತೆ ಬೇರೆ. ಅಮ್ಮ "ಇವತ್ತು ಬೇಡ" ಎಂದರೆ ಆ ಮಾತನ್ನೂ ಕೇಳಬೇಕು.

ಬೇಕೆಂದ ದಿನ ನೀರಿನ ಚೊಂಬು ನಾಲ್ಕು ಹೆಜ್ಜೆ ಆಚೆಯಿರಲಿ. ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಮಗಳಿಗೆ ಬಲು ಕಷ್ಟ; ಅಮ್ಮ ಮೂರನೆಯ ಹೆಜ್ಜೆಗೆ ನಿಂತಾಗ ಚೊಂಬಿನತ್ತ ಕೈ ತಾನಾಗಿಯೇ ಓಡುತ್ತದೆ.