ನಾಲ್ಕು ಗಳಿಗೆಯ ಗುಡಾರಕ್ಕೆ ಎಷ್ಟು ಗೂಟ?

ಗೂಟ ಎಂಬ ಮಾತಿಗೆ ನಮ್ಮಲ್ಲಿ ಅಷ್ಟು ಒಳ್ಳೆಯ ಹೆಸರಿಲ್ಲ. ನೆಂಟರು ಎರಡು ದಿನ ಹೆಚ್ಚು ಉಳಿದರೆ ‘ಗೂಟ ಹೊಡೆದುಕೊಂಡು ಕೂತಿದ್ದಾರೆ’ ಎನ್ನುತ್ತೇವೆ. ಹೋಗಬೇಕಾದವರು ಗೂಟ ಹೊಡೆಯಬಾರದು ಎಂಬುದು ಅದರ ತಾತ್ಪರ್ಯ. ಬಹಳ ವರ್ಷ ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆ ಅಲುಗಿದ್ದು ನಮ್ಮ ಉಳವಿಯಿಂದ ಬಹುದೂರದಲ್ಲಿ, ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ.

2023ರ ಜನವರಿ. ಮಗಳ ಬಾಣಂತನಕ್ಕೆಂದು ಗಳಿಕೆ ರಜೆಯನ್ನೆಲ್ಲ ಕೂಡಿಸಿಕೊಂಡು ಅಮೆರಿಕದ ಮಿನ್ನೆಸೋಟಕ್ಕೆ ಹೋಗಿದ್ದೆ. ಹೊರಡುವಾಗ ನಮ್ಮತ್ತೆ ಬಾಗಿಲಲ್ಲಿ ನಿಂತು, ‘ಮಗೂನ ಬಾಳ ಹಚ್ಕೋಬೇಡ ಮಾರಾಯ್ತಿ. ನಾಲ್ಕು ತಿಂಗಳಿಗೆ ಬಿಟ್ಟು ಬರಬೇಕು. ಆಮೇಲೆ ಸಂಕಟಪಡ್ತೀಯ’ ಎಂದಿದ್ದರು. ಆ ಮಾತು ನನಗೆ ಸರಿಯೆಂದೇ ಕಂಡಿತ್ತು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವುದು, ಮಗಳಿಗೆ ಮೆಣಸಿನ ಸಾರು, ಬಟ್ಟೆಬರೆ, ಎಲ್ಲವನ್ನೂ ಚೊಕ್ಕವಾಗಿ ಮಾಡುತ್ತಿದ್ದೆ. ಆದರೆ ಸ್ನಾನವಾದ ಕೂಡಲೇ ಮಗುವನ್ನು ಮಗಳ ಪಕ್ಕ ಮಲಗಿಸಿ ಎದ್ದುಬಿಡುತ್ತಿದ್ದೆ. ಜೋಗುಳ ಬಾಯಿಗೆ ಬಂದರೂ ಹಾಡುತ್ತಿರಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಮುದುಕರು ಅಳಿಯನನ್ನೂ ನನ್ನನ್ನೂ ಮೀನು ಹಿಡಿಯುವುದನ್ನು ನೋಡಲು ಕರೆದೊಯ್ದರು. ಮಿನ್ನೆಸೋಟಕ್ಕೆ ಹತ್ತು ಸಾವಿರ ಕೆರೆಗಳ ನಾಡು ಎಂದೇ ಹೆಸರು. ನಮ್ಮ ಸೊರಬದ ಕಡೆ ಕೆರೆಬೇಟೆ ಎಂದರೆ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಊರಿಗೆ ಊರೇ ಕೂಣಿ ಹಿಡಿದು ಕೆಸರಿಗಿಳಿಯುವುದು. ಅಲ್ಲಿ ನೀರು ಕಲ್ಲಾದ ಮೇಲೆ ಅದರ ಮೇಲೆ ನಡೆದು ಹೋಗಿ, ತೂತು ಕೊರೆದು ಗಾಳ ಬಿಡುತ್ತಾರೆ. ಮಂಜುಗಡ್ಡೆ ನೀರಿಗಿಂತ ಹಗುರ. ಹಾಗಾಗಿ ಅದು ಮೇಲೆ ತೇಲುತ್ತದೆ, ಕೆಳಗಿನ ನೀರಿನಲ್ಲಿ ಮೀನು ಬದುಕಿರುತ್ತದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ವರ್ಷವರ್ಷವೂ ಹೇಳುವ ಪಾಠ. ಆದರೂ ಕಾಲಿಡುವಾಗ ನನ್ನ ಜೀವ ಕೈಯಲ್ಲಿತ್ತು. ನಡೆದುಹೋಗಲು ನಾಲ್ಕು ಅಂಗುಲ ಗಟ್ಟಿ ಗಡ್ಡೆ ಸಾಕಂತೆ. ಅಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿತ್ತು.

ಮುದುಕರು ಉದ್ದನೆಯ ಚೀಲದಿಂದ ಬಟ್ಟೆಯ ಗುಡಾರವೊಂದನ್ನು ತೆಗೆದರು. ಕೊಡೆಯ ಹಾಗೆ ಬಿಚ್ಚಿಕೊಳ್ಳುವಂಥದ್ದು. ಆದರೆ ಬಿಚ್ಚುವ ಮೊದಲೇ ಗಾಳಿ ಬೀಸುವ ಕಡೆಯ ಅಂಚನ್ನು ಗಡ್ಡೆಗೆ ಬಿಗಿದರು. ಗೂಟವೆಂದರೆ ನಮ್ಮ ಹಾಗೆ ಬಡಿಯುವ ಮರದ ಗೂಟವಲ್ಲ, ಗೇಣುದ್ದದ ಕಬ್ಬಿಣದ ತಿರುಪು. ಅದನ್ನು ತಿರುಗಿಸಿ ತಿರುಗಿಸಿ ಗಡ್ಡೆಯೊಳಕ್ಕೆ ಇಳಿಸಬೇಕು. ಆಮೇಲೆ ಗುಡಾರ ಎಬ್ಬಿಸಿ ಉಳಿದ ಮೂಲೆಗಳಿಗೆ ತಿರುಪು ಹಾಕಿದರು. ನಡುಮಧ್ಯದಿಂದಲೂ ಹಗ್ಗ ಎಳೆದು ಕಟ್ಟಿದರು. ಕೆಳಗಿನ ಅಂಚಿನ ಮೇಲೆ ಸುತ್ತಲೂ ಹಿಮವನ್ನು ಸಲಿಕೆಯಿಂದ ಒಟ್ಟಿದರು. ಇಷ್ಟೆಲ್ಲ ಬಿಗಿ ಮಾಡಿದವರು ಒಳಗೆ ಒಲೆ ಹಚ್ಚುವ ಮೊದಲು ಗಾಳಿಕಂಡಿಯನ್ನು ಮಾತ್ರ ತೆರೆದಿಟ್ಟರು. ಅದನ್ನು ಮುಚ್ಚಿದರೆ ಒಲೆಯ ವಿಷಗಾಳಿಗೆ ಪ್ರಾಣವೇ ಹೋಗಬಹುದು.

ನನಗೆ ನಗು ಬಂತು. ‘ಮಧ್ಯಾಹ್ನಕ್ಕೆ ಬಿಚ್ಚುವ ಗುಡಾರಕ್ಕೆ ಇಷ್ಟೊಂದು ಗೂಟವೇ? ಕೇಳಿ’ ಎಂದು ಅಳಿಯನಿಗೆ ಹೇಳಿದೆ. ಮುದುಕರ ಉತ್ತರವನ್ನು ಅಳಿಯ ಕನ್ನಡದಲ್ಲಿ ಹೇಳಿದರು: ‘ನಾವು ಮಧ್ಯಾಹ್ನಕ್ಕೆ ಹೋಗ್ತೀವಿ ಅನ್ನೋದು ಗಾಳಿಗೆ ಗೊತ್ತಿಲ್ಲವಲ್ಲ, ಅಂತಾರೆ ಅತ್ತೆ.’ ಗಾಳಿ ಬಂದರೆ ತಡೆಯಲು ಆ ಬಯಲಿನಲ್ಲಿ ಒಂದು ಗಿಡವಿಲ್ಲ. ಬಿಗಿಯದ ಗುಡಾರ ಕೆರೆಯುದ್ದಕ್ಕೂ ಉರುಳಿಕೊಂಡು ಹೋಗುತ್ತದಂತೆ.

ನಗು ಅಲ್ಲಿಗೇ ನಿಂತಿತು. ನನಗೆ ನೆನಪಾದದ್ದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿದ್ದೆ. ಎರಡು ವರ್ಷಕ್ಕೆ ವರ್ಗವಾಗುತ್ತದೆ ಎಂದುಕೊಂಡು ಟ್ರಂಕಿನಿಂದ ಸಾಮಾನು ಕೂಡ ಪೂರ್ತಿ ತೆಗೆದಿರಲಿಲ್ಲ, ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ ನೆಟ್ಟಿರಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ‘ನಾನು ಇವತ್ತೋ ನಾಳೆಯೋ ಹೋಗುವವಳು, ನನ್ನನ್ನು ನಂಬಿಕೊಳ್ಳಬೇಡ’ ಎಂದು ಕಳಿಸಿಬಿಟ್ಟೆ. ಅವಳು ಆ ವರ್ಷ ನಪಾಸಾದಳು, ಶಾಲೆ ಬಿಟ್ಟಳು, ಬೇಗನೆ ಮದುವೆಯೂ ಆಯಿತು. ನನ್ನ ವರ್ಗದ ಆದೇಶ ಬಂದದ್ದು ಆರು ವರ್ಷಗಳ ಮೇಲೆ. ಆರು ವರ್ಷದಲ್ಲಿ ಒಂದು ಹುಡುಗಿಗೆ ಎಷ್ಟು ಲೆಕ್ಕ ಹೇಳಿಕೊಡಬಹುದಿತ್ತು!

ಕಮಲದ ಎಲೆಯ ಮೇಲಿನ ನೀರಿನಂತೆ ಇರಬೇಕು ಎಂದು ಹಿರಿಯರು ಹೇಳುತ್ತಾರೆ. ಆ ಮಾತು ದೊಡ್ಡದು, ಅದನ್ನು ಅಲ್ಲಗಳೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ನಾನು ವೈರಾಗ್ಯ ಎಂದುಕೊಂಡದ್ದು ನಿಜವಾಗಿ ನೋವಿನ ಭಯವಾಗಿತ್ತು. ನಮ್ಮ ಹೆಣ್ಣುಮಕ್ಕಳ ಬಾಳಂತೂ ತಾತ್ಕಾಲಿಕವೆಂದೇ ಶುರುವಾಗುತ್ತದೆ. ತವರಿನಲ್ಲಿ ‘ಇನ್ನೊಬ್ಬರ ಮನೆಗೆ ಹೋಗುವವಳು’, ಗಂಡನ ಮನೆಯಲ್ಲಿ ‘ಹೊರಗಿನಿಂದ ಬಂದವಳು’. ಎಲ್ಲೂ ಗೂಟ ಹೊಡೆಯದಿದ್ದರೆ ಬದುಕುವುದು ಯಾವಾಗ? ಅಡಿಪಾಯವಿರುವ ಮನೆಗೆ ಹಗ್ಗ ಬೇಕಿಲ್ಲ. ನಾಳೆ ಇರದ ಗುಡಾರಕ್ಕೇ ಇವತ್ತು ಗಟ್ಟಿ ಹಗ್ಗ ಬೇಕು.

ಹಾಗೆಂದು ಬಿಗಿದದ್ದನ್ನು ಬಿಚ್ಚಲಾರೆನೆಂದು ಕೂರುವುದೂ ತಪ್ಪೇ. ಮಿನ್ನೆಸೋಟದಲ್ಲಿ ಅದಕ್ಕೊಂದು ಗಡುವಿದೆ. ದಕ್ಷಿಣದ ಕಡೆ ಮಾರ್ಚ್ ತಿಂಗಳ ಮೊದಲ ಸೋಮವಾರ, ಉತ್ತರದ ಕಡೆ ಮೂರನೆಯ ಸೋಮವಾರ. ಆಮೇಲೆ ಗುಡಾರವನ್ನು ರಾತ್ರಿ ಕೆರೆಯ ಮೇಲೆ ಬಿಟ್ಟುಬರುವಂತಿಲ್ಲ. ಬಿಸಿಲು ಏರಿದ ಹಾಗೆ ಗಡ್ಡೆ ಸಡಿಲವಾಗುತ್ತದೆ, ಬಿಟ್ಟದ್ದು ಮುಳುಗುತ್ತದೆ. ಮಕ್ಕಳ ಸಂಸಾರದಲ್ಲಿ ಗಡುವು ಮೀರಿ ನಿಲ್ಲುವ ನಮ್ಮಂಥ ತಾಯಂದಿರು ನೆನಪಿಡಬೇಕಾದ ಮಾತು. ಆ ದಿನ ಮುದುಕರು ಹೊರಡುವಾಗ ತಿರುಪುಗಳನ್ನು ಒದ್ದು ಕೀಳಲಿಲ್ಲ. ಹಾಕಿದಷ್ಟೇ ತಾಳ್ಮೆಯಿಂದ ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ತೆಗೆದರು.

ಆ ರಾತ್ರಿ ಮಗುವನ್ನು ನನ್ನ ಮಗ್ಗುಲಿಗೇ ಮಲಗಿಸಿಕೊಂಡೆ. ಜೋಗುಳವನ್ನೂ ಹಾಡಿದೆ. ಮಗಳು ಏನೂ ಕೇಳಲಿಲ್ಲ, ದೀಪ ಸಣ್ಣದು ಮಾಡಿ ಹೋದಳು.

ಏಪ್ರಿಲ್ ಕೊನೆಗೆ ಹೊರಟೆ. ‘ಇನ್ನೆರಡು ತಿಂಗಳು ಇರಮ್ಮ’ ಎಂದಳು ಮಗಳು. ಇರಲಿಲ್ಲ. ನಾಲ್ಕು ತಿಂಗಳ ಕೂಸಿಗೆ ಏನೂ ತಿಳಿಯದು, ಅತ್ತವಳು ನಾನೇ. ಊರಿಗೆ ಬಂದಾಗ ಅತ್ತೆ ನನ್ನ ಮುಖ ನೋಡಿ, ‘ಹೇಳಿರಲಿಲ್ವ ನಾನು?’ ಎಂದರು. ‘ಹೇಳಿದ್ರಿ ಅತ್ತೆ’ ಎಂದೆ.

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷವಿಲ್ಲ. ಈಗ್ಯಾಕೆ ಇಲ್ಲದ ಹೊರೆ ಎಂದು ಜೊತೆಯ ಶಿಕ್ಷಕಿಯರು ಕೇಳುತ್ತಾರೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಸಂಜೆ ನಮ್ಮ ಮನೆಗೆ ಬರುತ್ತಾಳೆ. ಭಿನ್ನರಾಶಿಯಲ್ಲಿ ಸ್ವಲ್ಪ ಹಿಂದೆ. ಜಗಲಿಯ ಮೇಲೆ ಇಬ್ಬರೂ ಕೂತು ಲೆಕ್ಕ ಮಾಡುತ್ತೇವೆ.