ಉಕ್ಕಿನ ಕಟ್ಟಡವೂ ಛಾಯಾಚಿತ್ರದ ಸತ್ಯವೂ

ಕಣ್ಣಾರೆ ಕಂಡದ್ದನ್ನು ನಂಬಬೇಕೆಂಬುದು ಲೋಕರೂಢಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಎಚ್ಚರಿಕೆ. ಈ ಎರಡು ಮಾತುಗಳ ನಡುವೆ ಛಾಯಾಚಿತ್ರವೆಂಬ ವಸ್ತು ಬಂದು ನಿಂತಿದೆ. ಅದು ನಾವು ಕಂಡದ್ದಲ್ಲ, ಬೇರೊಬ್ಬರು ಕಂಡು ನಮಗೆ ಕಾಣಿಸಿದ್ದು. ಆದರೂ ನಮ್ಮ ಕಣ್ಣೇ ಕಂಡಿತೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ದೂರದೇಶಗಳ ಸೇತುವೆ, ಗೋಪುರ, ಗಗನಚುಂಬಿ ಸೌಧಗಳನ್ನು ನಮ್ಮಲ್ಲಿ ಹೆಚ್ಚಿನವರು ಚಿತ್ರಗಳಿಂದಲೇ ಬಲ್ಲರು. ನಮ್ಮ ಶಾಲೆಗಳ ಮಕ್ಕಳಂತೂ ಪಾಠಪುಸ್ತಕದ ಚಿತ್ರವನ್ನೇ ವಸ್ತುವೆಂದು ತಿಳಿದು ಬೆಳೆಯುತ್ತಾರೆ. ಆದುದರಿಂದ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ: ಉಕ್ಕಿನ ಕಟ್ಟಡವೊಂದರ ಚಿತ್ರವನ್ನು ತೆಗೆಯುವವನಿಗೆ ಸತ್ಯದ ಹೊಣೆ ಎಷ್ಟು? ಅದನ್ನು ತೋರಿಸುವವನಿಗೂ ನೋಡುವವನಿಗೂ ಎಷ್ಟು?

ಚಿತ್ರಗಳು ಎಷ್ಟೋ ಬಗೆಯವು ಇರಲು ಉಕ್ಕಿನ ಕಟ್ಟಡವನ್ನೇ ಏಕೆ ಆರಿಸಿಕೊಳ್ಳಬೇಕೆಂದು ವಾಚಕರು ಕೇಳಬಹುದು. ಮೊದಲನೆಯದಾಗಿ, ಇವೆರಡೂ ಒಂದೇ ಯುಗದ ಕೂಸುಗಳು. ದಾಗೇರನ ಛಾಯಾಚಿತ್ರಣ ವಿಧಾನ ಲೋಕಕ್ಕೆ ತಿಳಿದದ್ದು 1839ರಲ್ಲಿ; ಉಕ್ಕನ್ನು ಅಗ್ಗವಾಗಿ ಹೇರಳವಾಗಿ ತಯಾರಿಸುವ ತನ್ನ ವಿಧಾನವನ್ನು ಬೆಸೆಮರ್ ಪ್ರಕಟಿಸಿದ್ದು 1856ರಲ್ಲಿ. ಎರಡನೆಯದಾಗಿ, ಕಲ್ಲಿನ ಕಟ್ಟಡ ತನ್ನ ಭಾರವನ್ನು ತಾನೇ ಹೇಳಿಕೊಳ್ಳುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಹೊರುವುದು ಯಾವುದು, ಹೊರಿಸುವುದು ಯಾವುದು ಎಂಬುದು ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಉಕ್ಕಿನ ಹಂದರದಲ್ಲಿ ಹಾಗಲ್ಲ. ಅಲ್ಲಿ ಕೆಲವು ಪಟ್ಟಿಗಳು ಎಳೆತವನ್ನೂ ಕೆಲವು ಒತ್ತಡವನ್ನೂ ತಾಳಿಕೊಂಡಿರುತ್ತವೆ. ನೋಡುವ ಕಣ್ಣಿಗೆ ಎರಡೂ ಒಂದೇ ಬಗೆಯ ಕಪ್ಪು ಗೆರೆಗಳು. ಬಲವೆಂಬುದು ಅಗೋಚರ, ಚಿತ್ರವಾದರೋ ಗೋಚರವಾದುದನ್ನು ಮಾತ್ರ ಹಿಡಿಯಬಲ್ಲುದು. ತೊಡಕು ಇರುವುದು ಇಲ್ಲಿಯೇ.

ಈ ತೊಡಕನ್ನು ಎದುರಿಸಲು ಚಿತ್ರಕಾರನು ಹೆಜ್ಜೆಹೆಜ್ಜೆಗೂ ಆಯ್ಕೆ ಮಾಡಬೇಕಾಗುತ್ತದೆ. ಎತ್ತರದ ಗೋಪುರವನ್ನು ಹಿಡಿಯಲು ಕ್ಯಾಮರಾವನ್ನು ಮೇಲಕ್ಕೆ ವಾಲಿಸಿದರೆ ನೆಟ್ಟಗಿರುವ ಗೆರೆಗಳು ಮೇಲೆ ಒಂದನ್ನೊಂದು ಸಮೀಪಿಸಿ, ಗೋಪುರವು ಹಿಂದಕ್ಕೆ ಬೀಳುವಂತೆ ತೋರುತ್ತದೆ. ಇದನ್ನು ತಪ್ಪಿಸಲು, ಫಲಕವನ್ನು ನೆಟ್ಟಗೆ ನಿಲ್ಲಿಸಿ ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುವ ತಿದಿಯ ಕ್ಯಾಮರಾವನ್ನು ಬಳಸುವುದುಂಟು. ನಡುಹಗಲಿನ ಬಿಸಿಲಿನಲ್ಲಿ ಹಂದರದ ನೆರಳು ಹಂದರದ ಮೇಲೆಯೇ ಬಿದ್ದು ಪಟ್ಟಿ ಯಾವುದು, ನೆರಳು ಯಾವುದು ಎಂಬುದು ಕಲಸಿಹೋಗುತ್ತದೆ. ಮುಂಜಾನೆಯ ಓರೆಬೆಳಕಿನಲ್ಲಿ ಒಂದೊಂದು ರಿವೆಟಿನ ತಲೆಯೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಮನುಷ್ಯನೊಬ್ಬನು ನಿಂತಿರದಿದ್ದರೆ ತೊಲೆಯ ಗಾತ್ರ ಅಂಗೈಯಗಲವೋ ಆಳುದ್ದವೋ ತಿಳಿಯದು. ಇವೆಲ್ಲ ಬರಿಯ ಕೈಚಳಕದ ಸಂಗತಿಗಳೆಂದು ತೋರಬಹುದು. ಆದರೆ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯ ಎಲ್ಲಿದೆಯೋ ಅಲ್ಲಿ ಧರ್ಮಾಧರ್ಮದ ವಿವೇಚನೆಯೂ ಇದ್ದೇ ಇರುತ್ತದೆ.

ಪತ್ರಿಕೆಯ ಈ ಪುಟಗಳಲ್ಲಿ ಚಿತ್ರಗಳನ್ನು ಅಚ್ಚುಮಾಡುವ ಅನುಕೂಲವಿಲ್ಲದಿರುವುದರಿಂದ ನಾಲ್ಕೈದು ಪ್ರಸಿದ್ಧ ಚಿತ್ರಗಳನ್ನು ಮಾತಿನಲ್ಲಿಯೇ ವಾಚಕರ ಮುಂದಿಡುತ್ತೇವೆ.

ಸ್ಕಾಟ್ಲೆಂಡಿನ ಫೋರ್ತ್ ರೈಲುಸೇತುವೆ 1890ನೆಯ ಮಾರ್ಚ್ 4ರಂದು ತೆರೆಯಿತು. ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಅದರ ಇಂಜಿನಿಯರುಗಳು. ಅದರ ಎರಡು ಮುಖ್ಯ ಅಂಕಣಗಳು ಒಂದೊಂದೂ 521 ಮೀಟರು ಉದ್ದ. ಬಳಸಿದ ಉಕ್ಕು ಐವತ್ತು ಸಾವಿರ ಟನ್ನಿಗೂ ಮಿಕ್ಕದ್ದು. ಇಷ್ಟು ದೊಡ್ಡ ಚಾಚುತೊಲೆ ನಡುನೀರಿನ ಮೇಲೆ ಹೇಗೆ ನಿಂತೀತೆಂದು ಜನ ಸಂಶಯಪಡುತ್ತಿದ್ದ ಕಾಲ ಅದು. 1887ರಲ್ಲಿ ಬೇಕರನು ಉಪನ್ಯಾಸವೊಂದಕ್ಕಾಗಿ ಒಂದು ಚಿತ್ರವನ್ನು ಸಿದ್ಧಪಡಿಸಿದನು. ಇಬ್ಬರು ಕುರ್ಚಿಗಳ ಮೇಲೆ ದೂರದೂರ ಕುಳಿತು ತೋಳುಗಳನ್ನು ಇಕ್ಕೆಲಕ್ಕೂ ಚಾಚಿದ್ದಾರೆ. ಕೈಗಳು ಹಿಡಿದಿರುವ ಕೋಲುಗಳ ಬುಡ ಕುರ್ಚಿಗೆ ಆತುಕೊಂಡಿದೆ. ಹೊರತುದಿಗಳಿಗೆ ಇಟ್ಟಿಗೆಯ ಭಾರವನ್ನು ಕಟ್ಟಿದೆ. ಇಬ್ಬರ ನಡುವೆ ತೂಗುವ ಹಲಗೆಯ ಮೇಲೆ, ನೆಲದಿಂದ ಮೇಲೆದ್ದು, ಮೂರನೆಯವನೊಬ್ಬನು ನಿಶ್ಚಿಂತೆಯಿಂದ ಕುಳಿತಿದ್ದಾನೆ. ಅವನು ಜಪಾನಿನ ಇಂಜಿನಿಯರು ಕೈಚಿ ವಾತಾನಾಬೆ. ತೋಳುಗಳಲ್ಲಿ ಎಳೆತ, ಕೋಲುಗಳಲ್ಲಿ ಒತ್ತಡ. ಸೇತುವೆಯ ರಹಸ್ಯವೆಲ್ಲ ಅಷ್ಟೇ. ಉಕ್ಕಿನಲ್ಲಿ ಅಗೋಚರವಾಗಿದ್ದ ಬಲವನ್ನು ಇದು ಮನುಷ್ಯನ ಮೈಯಲ್ಲಿ ಗೋಚರ ಮಾಡಿತು. ಬೇಕೆಂದೇ ಹೂಡಿದ ಚಿತ್ರವೇ ಆದರೂ ಇದನ್ನು ಸುಳ್ಳೆಂದು ಯಾರೂ ಹೇಳಲಾರರು. ತಾನು ಒಂದು ನಿದರ್ಶನವೆಂಬುದನ್ನು ಅದು ಮರೆಮಾಚುವುದಿಲ್ಲ.

ಅದೇ ಸೇತುವೆಯ ನಿರ್ಮಾಣವನ್ನು ಅಲ್ಲಿ ಇಂಜಿನಿಯರಾಗಿ ದುಡಿಯುತ್ತಿದ್ದ ಈವ್ಲಿನ್ ಕೇರಿ ಹಂತಹಂತವಾಗಿ ಚಿತ್ರಿಸಿದನು. ಬಲ್ಲವನ ಕಣ್ಣು ಆ ಚಿತ್ರಗಳಲ್ಲಿದೆ. ಯಾವ ಕೊಳವೆ ಯಾವ ಕೀಲಿಗೆ ಸೇರಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಇದೇ ಸೇತುವೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದಕ್ಕೆ ಸುಮಾರು 65 ಲಕ್ಷ ರಿವೆಟುಗಳನ್ನು ಹೊಡೆದರೆಂದು ಲೆಕ್ಕವಿದೆ. ಕಟ್ಟುವಾಗ ಸತ್ತವರ ಸಂಖ್ಯೆಯನ್ನು ಬಹುಕಾಲ 57 ಎಂದು ಹೇಳಿಕೊಂಡು ಬಂದರು. ಶತಮಾನ ಕಳೆದ ಮೇಲೆ ಸ್ಥಳೀಯ ಇತಿಹಾಸಾಸಕ್ತರು ದಾಖಲೆಗಳನ್ನು ಹುಡುಕಿ, ಸತ್ತವರು 73 ಮಂದಿಯೆಂದು ಕಂಡುಕೊಂಡರು. ಅವರ ಸ್ಮಾರಕಗಳು ತಲೆಯೆತ್ತಿದ್ದು 2012ರಲ್ಲಿ. ರಿವೆಟುಗಳ ಲೆಕ್ಕಕ್ಕೆ ಸಿಕ್ಕಿದ ಅವಧಾನ ಮನುಷ್ಯರ ಲೆಕ್ಕಕ್ಕೆ ಸಿಗಲು ನೂರಿಪ್ಪತ್ತು ವರ್ಷಗಳಾದವು. ಇದು ಕೇರಿಯ ಚಿತ್ರಗಳ ದೋಷವಲ್ಲ. ಆದರೆ ಎಷ್ಟೇ ಸ್ಪಷ್ಟವಾದ ಚಿತ್ರವೂ ಪೂರ್ಣ ಸತ್ಯವಾಗಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನು ಬಿದ್ದುಹೋದ ಕಟ್ಟಡದ ಚಿತ್ರವನ್ನು ನೋಡೋಣ. ಫೋರ್ತ್ ಸೇತುವೆಗೆ ಮೊದಲು, 1879ನೆಯ ಡಿಸೆಂಬರ್ 28ರ ರಾತ್ರಿ, ಟೇ ನದಿಯ ರೈಲುಸೇತುವೆಯ ನಡುಭಾಗ ಬಿರುಗಾಳಿಯಲ್ಲಿ ಕುಸಿಯಿತು. ಅದರ ಮೇಲಿದ್ದ ರೈಲು ನೀರಿಗೆ ಬಿದ್ದಿತು, ಅದರಲ್ಲಿದ್ದವರೊಬ್ಬರೂ ಉಳಿಯಲಿಲ್ಲ. ಅದು ಉಕ್ಕಿನದಲ್ಲ, ಅದರ ಕಂಬಗಳು ಬೀಡಿನವು, ತೊಲೆಗಳು ಮೆದುಕಬ್ಬಿಣದವು. ವಿಚಾರಣೆಗಾಗಿ ಮುರಿದ ಕಂಬಗಳ ಚಿತ್ರಗಳನ್ನು ಒಂದೊಂದಾಗಿ ತೆಗೆಯಿಸಿದರು. ಅವುಗಳಲ್ಲಿ ಸೊಬಗೆಂಬುದು ಲವಲೇಶವೂ ಇಲ್ಲ. ಆದರೆ ಕಂಬಗಳಿಗೆ ಎರಕದಲ್ಲಿಯೇ ಕೂಡಿಸಿದ್ದ ಕಿವಿಗಳು ಎಲ್ಲಿ ಒಡೆದವೆಂಬುದು ಅವುಗಳಲ್ಲಿ ಉಳಿದಿದೆ. ನಮ್ಮ ಕಾಲದ ಇಂಜಿನಿಯರುಗಳು ಕೂಡ ಅವೇ ಚಿತ್ರಗಳನ್ನು ಹಿಗ್ಗಿಸಿ ಪರೀಕ್ಷಿಸಿ ಕುಸಿತದ ಕಾರಣವನ್ನು ಚರ್ಚಿಸಿದ್ದಾರೆ. ಸತ್ತವರಿಗೆ ಚಿತ್ರವು ಸಲ್ಲಿಸಬಹುದಾದ ಸೇವೆ ಇದು: ಹೊಗಳಿಕೆಯಲ್ಲ, ಸಾಕ್ಷ್ಯ.

ಮನುಷ್ಯನನ್ನೇ ಚಿತ್ರದ ನಡುವೆ ನಿಲ್ಲಿಸಿದರೆ ಹೊಣೆ ತೀರಿತೆ? ಈ ಪ್ರಶ್ನೆಗೆ ನ್ಯೂಯಾರ್ಕಿನ ಎರಡು ನಿದರ್ಶನಗಳಿವೆ. ಲೂಯಿಸ್ ಹೈನ್ ಎಂಬಾತ ಮೊದಲು ಶಾಲೆಯ ಉಪಾಧ್ಯಾಯನಾಗಿದ್ದವನು. 1908ರಿಂದ ಗಿರಣಿಗಳಲ್ಲಿ, ಗಣಿಗಳಲ್ಲಿ ದುಡಿಯುತ್ತಿದ್ದ ಬಾಲಕರ ಚಿತ್ರಗಳನ್ನು ತೆಗೆದು ದೇಶದ ಮನಸ್ಸಾಕ್ಷಿಯನ್ನು ಎಚ್ಚರಿಸಿದನು. 1930ರಲ್ಲಿ ಎಂಪೈರ್ ಸ್ಟೇಟ್ ಸೌಧದ ಚಿತ್ರಣ ಅವನಿಗೆ ಬಂದಿತು. ವಯಸ್ಸು ಐವತ್ತನ್ನು ದಾಟಿದ್ದರೂ ಕೆಲಸಗಾರರೊಡನೆ ಅಂತಸ್ತಿನಿಂದ ಅಂತಸ್ತಿಗೆ ಏರಿ, ಹೊರಕ್ಕೆ ಚಾಚಿದ ಬುಟ್ಟಿಯಲ್ಲಿ ತೂಗಾಡುತ್ತ ಅವನು ಚಿತ್ರ ತೆಗೆದನು. 102 ಅಂತಸ್ತುಗಳ ಆ ಸೌಧ 1931ನೆಯ ಮೇ 1ರಂದು ತೆರೆಯಿತು. ಹೈನನ ಚಿತ್ರಗಳಲ್ಲಿ ಸೌಧವು ಹಿನ್ನೆಲೆ. ಬೋಲ್ಟು ಬಿಗಿಯುವ ಕೈ, ಹಗ್ಗ ಹಿಡಿದ ಕೈ, ರಿವೆಟು ಕಾಯಿಸುವ ಕೈ ಮುನ್ನೆಲೆ. 1932ರಲ್ಲಿ ಅವುಗಳಲ್ಲಿ ಕೆಲವನ್ನು ಸೇರಿಸಿ ಬಾಲಕರಿಗಾಗಿ ಒಂದು ಪುಸ್ತಕವನ್ನು ಹೊರತಂದನು. ಯಂತ್ರಗಳು ತಾವಾಗಿಯೇ ಹುಟ್ಟುವುದಿಲ್ಲ, ಮನುಷ್ಯರ ಮೈಬೆವರಿನಿಂದ ಹುಟ್ಟುತ್ತವೆ ಎಂಬುದು ಅದರ ಆಶಯ.

ಅದೇ 1932ನೆಯ ಸೆಪ್ಟೆಂಬರ್ 20ರಂದು ರಾಕೆಫೆಲರ್ ಸೆಂಟರಿನ ಸೌಧವೊಂದರ ಮೇಲೆ ತೆಗೆದ ಇನ್ನೊಂದು ಚಿತ್ರ ಲೋಕಪ್ರಸಿದ್ಧವಾಗಿದೆ. ಹನ್ನೊಂದು ಮಂದಿ ಕೆಲಸಗಾರರು ಒಂದು ತೊಲೆಯ ಮೇಲೆ ಸಾಲಾಗಿ ಕುಳಿತು, ಕಾಲುಗಳನ್ನು ಇಳಿಬಿಟ್ಟು, ಬುತ್ತಿ ಬಿಚ್ಚಿಕೊಂಡಿದ್ದಾರೆ. ಕೆಳಗೆ ನಗರವೆಲ್ಲ ಆಟಿಕೆಯಂತೆ ಹರಡಿದೆ. ಕುಳಿತವರು ನಿಜವಾದ ಕೆಲಸಗಾರರೇ, ಎತ್ತರವೂ ನಿಜವೇ. ಆದರೆ ಸೌಧದ ಪ್ರಚಾರಕ್ಕಾಗಿ ಅವರನ್ನು ಅಲ್ಲಿ ಕೂರಿಸಿ ತೆಗೆದ ಚಿತ್ರ ಅದು. ದೇಶದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಅಲೆಯುತ್ತಿದ್ದ ವರ್ಷದಲ್ಲಿ ಅದು ಅಪಾಯವನ್ನು ವಿನೋದವೆಂದು ತೋರಿಸಿತು. ಆ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರ ಹೆಸರು ಇಂದಿಗೂ ನಿಶ್ಚಿತವಾಗಿಲ್ಲ. ಮನುಷ್ಯನು ಇಲ್ಲಿಯೂ ಚಿತ್ರದ ನಡುವೆಯೇ ಇದ್ದಾನೆ. ಆದರೆ ಹೈನನ ಚಿತ್ರದಲ್ಲಿ ಅವನು ಮಾಡುವವನು. ಇಲ್ಲಿ ತೋರಿಕೆಯ ವಸ್ತು. ಆದುದರಿಂದ ಮನುಷ್ಯನ ಮುಖ ಕಂಡಿತೆಂದ ಮಾತ್ರಕ್ಕೆ ಮನುಷ್ಯನಿಗೆ ನ್ಯಾಯ ಸಂದಿತೆಂದು ಹೇಳಲಾಗದು.

ಹಾಗಾದರೆ ಮನುಷ್ಯನೇ ಇಲ್ಲದ ಚಿತ್ರಗಳ ಗತಿಯೇನು? ಜರ್ಮನಿಯ ಬರ್ನ್ಡ್ ಬೆಕರ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು 1959ರಿಂದ ಹಲವು ದಶಕಗಳ ಕಾಲ ಊದುಕುಲುಮೆ, ನೀರಿನ ಗೋಪುರ, ಅನಿಲದ ತೊಟ್ಟಿ, ಗಣಿಬಾಯಿಯ ರಾಟೆಗೋಪುರ ಇವುಗಳ ಚಿತ್ರಗಳನ್ನು ತೆಗೆದರು. ಮೋಡ ಕವಿದ ಆಕಾಶ, ನೆರಳಿಲ್ಲದ ಬೆಳಕು, ನೇರವಾದ ನೋಟ. ಎಲ್ಲ ಚಿತ್ರಗಳಿಗೂ ಒಂದೇ ನಿಯಮ. ಒಂದೇ ಬಗೆಯ ಒಂಬತ್ತೋ ಹನ್ನೆರಡೋ ಚಿತ್ರಗಳನ್ನು ಒತ್ತೊತ್ತಾಗಿ ಜೋಡಿಸಿ ತೂಗುಹಾಕುತ್ತಿದ್ದರು. ಅವುಗಳಲ್ಲಿ ಜನರ ಸುಳಿವೇ ಇಲ್ಲ. ಇವು ನಿರ್ದಯ ಚಿತ್ರಗಳೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅವರು ಚಿತ್ರಿಸಿದ ಕಾರ್ಖಾನೆಗಳೂ ಗಣಿಗಳೂ ಒಂದೊಂದಾಗಿ ಮುಚ್ಚುತ್ತಿದ್ದವು. ಎಷ್ಟೋ ಕಟ್ಟಡಗಳು ಇಂದು ಆ ಚಿತ್ರಗಳಲ್ಲಿ ಮಾತ್ರ ಉಳಿದಿವೆ. ಕೋಲಾರದ ಚಿನ್ನದ ಗಣಿಗಳ ಕೆಲಸ 2001ರಲ್ಲಿ ನಿಂತ ಬಳಿಕ ಅಲ್ಲಿನ ರಾಟೆಗೋಪುರಗಳನ್ನು ಕಂಡವರಿಗೆ ಈ ಮೌನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಕರ್ ದಂಪತಿಗಳು ತಾವು ಕಟ್ಟಡದ ಆಕಾರವನ್ನಷ್ಟೇ ತೋರಿಸುತ್ತೇವೆಂದು ತಮ್ಮ ನಿಯಮದಿಂದಲೇ ಸಾರುತ್ತಾರೆ. ಒಂದು ಅಂಶವನ್ನು ಅಂಶವೆಂದೇ ತೋರಿಸುವುದು ಸುಳ್ಳಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಚಿತ್ರವು ಕಲೆ, ಕಲೆಗೆ ಸೌಂದರ್ಯವೇ ಪ್ರಮಾಣ, ಅದರ ಮೇಲೆ ಸಾಕ್ಷಿಯ ಹೊರೆಯನ್ನು ಏಕೆ ಹೊರಿಸಬೇಕು ಎಂದು ರಸಿಕರು ಕೇಳುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಉಕ್ಕಿನ ಹಂದರದ ಸೊಬಗು ನಿಜವಾದ ಸೊಬಗೇ. 1887ರಲ್ಲಿ ಪ್ಯಾರಿಸಿನ ಗಣ್ಯ ಕಲಾವಿದರೂ ಸಾಹಿತಿಗಳೂ ಸೇರಿ ಐಫೆಲ್ ಗೋಪುರವನ್ನು ಕುರೂಪವೆಂದು ಪ್ರತಿಭಟಿಸಿದರು. ಮುಂದಿನ ತಲೆಮಾರುಗಳ ಕಣ್ಣು ಅದನ್ನು ಸುಂದರವೆಂದು ಒಪ್ಪಿತು, ಆ ಕಣ್ಣನ್ನು ತಿದ್ದುವುದರಲ್ಲಿ ಛಾಯಾಚಿತ್ರಗಳ ಪಾಲು ಸಣ್ಣದಲ್ಲ. ಆದರೆ ಉಕ್ಕಿನ ಕಟ್ಟಡದ ಸೊಬಗು ಅದರ ನಿಲುವಿನಿಂದ ಬಂದದ್ದು, ಆ ನಿಲುವು ಲೆಕ್ಕಾಚಾರದಿಂದಲೂ ದುಡಿಮೆಯಿಂದಲೂ ಬಂದದ್ದು. ಬೇರನ್ನು ಮರೆಸಿ ಹೂವನ್ನು ಮಾತ್ರ ಹೊಗಳುವ ಚಿತ್ರ ಸೌಂದರ್ಯಕ್ಕೂ ಅರ್ಧ ನ್ಯಾಯವನ್ನೇ ಸಲ್ಲಿಸುತ್ತದೆ.

ನಮ್ಮ ನಿರ್ಣಯವನ್ನು ಹೀಗೆ ಹೇಳಬಹುದು. ಯಾವ ಚಿತ್ರವೂ ಎಲ್ಲವನ್ನೂ ಹೇಳಲಾರದು. ಹೇಳಬೇಕೆಂದು ಬಯಸುವುದೂ ಅನ್ಯಾಯ. ಆದರೆ ಅಂಶವನ್ನು ಪೂರ್ಣವೆಂದು, ಹೂಡಿದ್ದನ್ನು ಸಹಜವೆಂದು ನಂಬಿಸುವ ಚಿತ್ರ ಸತ್ಯಕ್ಕೆ ಎರವಾಗುತ್ತದೆ. ಕಟ್ಟಡ ಹೇಗೆ ನಿಂತಿದೆ, ಯಾರು ನಿಲ್ಲಿಸಿದರು, ಎಷ್ಟು ಕಾಲ ನಿಂತೀತು ಎಂಬ ಪ್ರಶ್ನೆಗಳಲ್ಲಿ ಒಂದನ್ನಾದರೂ ನೋಡುವವನಲ್ಲಿ ಎಬ್ಬಿಸುವ ಚಿತ್ರ ತನ್ನ ಧರ್ಮವನ್ನು ಪಾಲಿಸಿದಂತೆ. ಮೂರನ್ನೂ ಮಲಗಿಸಿ ಬೆರಗನ್ನು ಮಾತ್ರ ಉಳಿಸುವ ಚಿತ್ರ ಎಷ್ಟೇ ಅಂದವಾಗಿದ್ದರೂ ನಮ್ಮನ್ನು ಬಡವರನ್ನಾಗಿ ಮಾಡುತ್ತದೆ.

ಚಿತ್ರಕಾರನು ಬಿಟ್ಟುದನ್ನು ತುಂಬಿಕೊಡುವ ಹೊಣೆ ಚಿತ್ರವನ್ನು ತೋರಿಸುವವರ ಮೇಲೆ ಬೀಳುತ್ತದೆ. ಪುಸ್ತಕದಲ್ಲಿ ಚಿತ್ರದ ಕೆಳಗೆ ಒಂದು ಸಾಲು ಬರೆಯುವವನು, ತರಗತಿಯಲ್ಲಿ ಪುಟವನ್ನು ತೆರೆದು ಬೆರಳಿಟ್ಟು ತೋರಿಸುವ ಉಪಾಧ್ಯಾಯನು, ಇಬ್ಬರೂ ಆ ಹೊಣೆಯಲ್ಲಿ ಪಾಲುಗಾರರು. 1889ರಲ್ಲಿ ಮುಗಿದ ಐಫೆಲ್ ಗೋಪುರ ಉಕ್ಕಿನದಲ್ಲ, ಮೆದುಕಬ್ಬಿಣದ್ದು. ಆದರೂ ಅದನ್ನು ಉಕ್ಕಿನ ಗೋಪುರವೆಂದು ಕರೆಯುವುದು ವಾಡಿಕೆಯಾಗಿದೆ. ಇದು ಚಿತ್ರದಿಂದ ತಿಳಿಯುವ ಸಂಗತಿಯಲ್ಲ, ಮಾತಿನಿಂದ ತಿಳಿಯಬೇಕಾದದ್ದು. 1943ರಲ್ಲಿ ಸಂಚಾರಕ್ಕೆ ತೆರೆದ ಕಲ್ಕತ್ತೆಯ ಹೌರಾ ಸೇತುವೆಗೆ ಬೇಕಾದ 26,500 ಟನ್ ಉಕ್ಕಿನಲ್ಲಿ 23,000 ಟನ್ನನ್ನು ಟಾಟಾ ಕಾರ್ಖಾನೆ ಒದಗಿಸಿತು. ಆ ಸೇತುವೆಯ ಚಿತ್ರವನ್ನು ನೋಡುವ ನಮ್ಮ ಬಾಲಕನಿಗೆ ಈ ಉಕ್ಕು ನಮ್ಮ ದೇಶದ್ದೇ, ಇದನ್ನು ಕಾಯಿಸಿದ ಕೈಗಳೂ ನಮ್ಮವೇ ಎಂದು ಹೇಳುವವರು ಬೇಕು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಸೇತುವೆಯ ಚಿತ್ರ ಬಂದಾಗ, ಆಹಾ ಎಷ್ಟು ದೊಡ್ಡದು ಎಂದು ಮಕ್ಕಳು ಬೆರಗಾಗಲಿ. ಬೆರಗು ವಿದ್ಯೆಯ ಮೊದಲ ಮೆಟ್ಟಿಲು. ಆಮೇಲೆ ಇಬ್ಬರು ಹುಡುಗರನ್ನು ಕುರ್ಚಿಯ ಮೇಲೆ ಕೂರಿಸಿ ಕೈಗಳಿಗೆ ಕೋಲುಗಳನ್ನು ಕೊಡಿರಿ. ಹೊರತುದಿಗಳಿಗೆ ಇಟ್ಟಿಗೆ ಕಟ್ಟಿ, ನಡುವಿನ ಹಲಗೆಯ ಮೇಲೆ ಒಬ್ಬ ಚಿಕ್ಕವನನ್ನು ಮೆಲ್ಲಗೆ ಕೂರಿಸಿರಿ. ತೋಳು ನೋಯುತ್ತದೆಂದು ಆ ಹುಡುಗರು ಹೇಳಿದಾಗ, ಆ ನೋವನ್ನೇ ಸೇತುವೆಯ ಉಕ್ಕು ಹಗಲಿರುಳು ತಾಳಿಕೊಂಡಿದೆಯೆಂದು ತಿಳಿಸಿರಿ. ಆ ಉಕ್ಕನ್ನು ಅಷ್ಟೆತ್ತರಕ್ಕೆ ಏರಿಸಿದವರ ಹೆಸರು ಚಿತ್ರದಲ್ಲಿಲ್ಲವೆಂಬುದನ್ನೂ ಆಗಲೇ ಹೇಳಿರಿ.