ನಾಮವೂ ಋಣವೂ

ಒಂದು ವಸ್ತ್ರದಿಂದ ಎರಡು ನೂಲುಗಳನ್ನು ಎಳೆದು ತೆಗೆದರೆ ಉಳಿಯುವುದು ಆ ವಸ್ತ್ರವೇ ಅಥವಾ ಬೇರೊಂದೇ ಎಂಬುದನ್ನು ನೈಯಾಯಿಕರು ಬಹು ಸೂಕ್ಷ್ಮವಾಗಿ ವಿಚಾರಿಸಿರುವರು. ಹಳೆಯ ಅವಯವಿಯು ನಾಶವಾಗಿ ಖಂಡಪಟವೆಂಬ ಹೊಸದೊಂದು ಹುಟ್ಟುವುದೆಂಬುದು ಅವರ ಸಿದ್ಧಾಂತ. ಚಕ್ರ, ಅಚ್ಚು, ನೊಗಗಳಿಗಿಂತ ಬೇರೆಯಾಗಿ ರಥವೆಂಬುದಿಲ್ಲ, ಅದು ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರವೆಂದು ನಾಗಸೇನನು ಮಿಲಿಂದರಾಜನಿಗೆ ತೋರಿಸಿಕೊಟ್ಟನು. ಮನುಷ್ಯರ ಕೂಟಗಳ ವಿಷಯದಲ್ಲಾದರೆ ಈ ಪ್ರಶ್ನೆಯು ತರ್ಕದ ಜಗಲಿಯಿಂದಿಳಿದು ನ್ಯಾಯದ ಪ್ರಶ್ನೆಯಾಗುತ್ತದೆ. ನೂಲಿಗೆ ನೋವಿಲ್ಲ, ಮನುಷ್ಯನಿಗುಂಟು. ಇಂಗ್ಲೆಂಡಿನ ಉಕ್ಕಿನ ಪಟ್ಟಣವಾದ ಶೆಫೀಲ್ಡಿನಲ್ಲಿ 1980ರಲ್ಲಿ ನಡೆದ ಒಂದು ವಿಭಾಗವು ಇದಕ್ಕೆ ತಕ್ಕ ನಿದರ್ಶನ.

ಆ ಊರಿನ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಎಂಬಿಬ್ಬರು ಗಣಕಯಂತ್ರಗಳನ್ನು ನಡೆಸುವ ಉದ್ಯೋಗದಲ್ಲಿದ್ದ ತರುಣರು. ತಂತಿಯನ್ನು ಮೀಟದೆ, ಚರ್ಮವನ್ನು ಬಡಿಯದೆ, ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಜರ್ ಯಂತ್ರವನ್ನು ನೆಚ್ಚಿ ಅವರು 1977ರಲ್ಲಿ ಕಟ್ಟಿದ ವೃಂದಕ್ಕೆ ದಿ ಹ್ಯೂಮನ್ ಲೀಗ್ ಎಂದು ಹೆಸರಾಯಿತು. ಯಂತ್ರವನ್ನು ನಂಬಿದವರು ತಮ್ಮನ್ನು ಮಾನವರ ಕೂಟವೆಂದು ಕರೆದುಕೊಂಡುದು ವಿನೋದವೇ ಸರಿ. ಆ ಹೆಸರಾದರೂ ಒಂದು ಹಲಗೆಯಾಟದಿಂದ ಎತ್ತಿಕೊಂಡದ್ದು. ಹಾಡುವುದಕ್ಕೆ ವೇರನ ಶಾಲೆಯ ಗೆಳೆಯ ಫಿಲಿಪ್ ಓಕಿ ಬಂದನು. ಅವನು ಆಸ್ಪತ್ರೆಯೊಂದರಲ್ಲಿ ಪರಿಚಾರಕನಾಗಿದ್ದವನು, ಸಂಗೀತದ ಅಭ್ಯಾಸವಿರಲಿಲ್ಲ. ಏಡ್ರಿಯನ್ ರೈಟ್ ಎಂಬವನ ಕೆಲಸ ವೇದಿಕೆಯ ಹಿಂದೆ ಚಿತ್ರಗಳನ್ನು ಬೆಳಕಿನಿಂದ ಮೂಡಿಸುವುದು. 1978ರಲ್ಲಿ ಹೊರಬಂದ 'ಬೀಯಿಂಗ್ ಬಾಯ್ಲ್ಡ್' ಎಂಬ ಮೊದಲ ಮುದ್ರಿಕೆಯು ಬಲ್ಲವರ ಮೆಚ್ಚುಗೆಯನ್ನು ಪಡೆಯಿತು. ಆಮೇಲಿನ ಎರಡು ದೊಡ್ಡ ಮುದ್ರಿಕೆಗಳಿಂದ ಕೀರ್ತಿ ಬಂದಷ್ಟು ಹಣ ಬರಲಿಲ್ಲ.

1980ರ ಶರತ್ಕಾಲದಲ್ಲಿ ಮನಸ್ತಾಪವು ಬಲಿತು, ಕಟ್ಟಿದವರಿಬ್ಬರೂ ಹೊರಟುಹೋದರು. ವಾದ್ಯವನ್ನು ಬಲ್ಲವರು ಹೋದರು, ಅರಿಯದವರು ಉಳಿದರು, ಹೆಸರೂ ಉಳಿದವರಲ್ಲಿಯೇ ನಿಂತಿತು. ಇದು ಅನ್ಯಾಯವೆಂದು ಮೊದಲ ನೋಟಕ್ಕೆ ಯಾರಿಗಾದರೂ ತೋರದಿರದು. ಸೃಷ್ಟಿಸಿದವನದೇ ಸ್ವತ್ತಲ್ಲವೇ?

ಆದರೆ ಒಪ್ಪಂದದ ಇನ್ನೊಂದು ಮುಖವನ್ನು ನೋಡಬೇಕು. ಹೆಸರಿನೊಡನೆ ವೃಂದದ ಸಾಲವೂ ಓಕಿಯ ತಲೆಗೆ ಬಂದಿತು. ಮುಂದಿನ ಮುದ್ರಿಕೆಯ ಗೌರವಧನದಲ್ಲಿ ಒಂದು ಅಲ್ಪಾಂಶವನ್ನು ಹೋದವರಿಗೆ ಕೊಡತಕ್ಕದ್ದೆಂದೂ ನಿಶ್ಚಯವಾಯಿತು. ಯೂರೋಪಿನ ಸಂಚಾರಕ್ಕೆ ಆಗಲೇ ಮಾತು ಕೊಟ್ಟಾಗಿತ್ತು, ದಿನಗಳೂ ಹೆಚ್ಚಿರಲಿಲ್ಲ. ರಿಕ್ಥವನ್ನು ಹಿಡಿದವನೇ ಋಣವನ್ನು ತೀರಿಸತಕ್ಕವನೆಂಬ ನಮ್ಮ ಸ್ಮೃತಿಕಾರರ ವಿಧಿಯನ್ನು ಶೆಫೀಲ್ಡಿನವರು ಓದಿದ್ದಿಲ್ಲ. ನಡೆದುದು ಮಾತ್ರ ಅದೇ. ವಸ್ತುತಃ ಆ ದಿನ ಹೆಸರಿನ ಬೆಲೆ ಸಾಲದ ಮೊತ್ತಕ್ಕೆ ಸಮವಾಗಿತ್ತೆಂದು ಹೇಳುವುದೂ ಕಷ್ಟ. ಹೆಸರೆಂದರೆ ಹಿಂದೆ ಮಾಡಿದುದರ ಗುರುತು ಮಾತ್ರವಲ್ಲ, ಮುಂದೆ ಮಾಡುವೆವೆಂದು ಪರರಿಗೆ ಕೊಟ್ಟ ಮಾತೂ ಹೌದು. ಆ ಎರಡನೆಯ ಭಾಗವನ್ನು ಹೊತ್ತವನಿಗೆ ಮೊದಲನೆಯ ಭಾಗವೂ ಸಲ್ಲುವುದು ಯುಕ್ತವೇ.

ಮಾತನ್ನು ಅವನು ಉಳಿಸಿಕೊಂಡ ಬಗೆ ವಿಚಿತ್ರ. ಊರಿನ ಕ್ರೇಜಿ ಡೇಸಿ ಎಂಬ ನೃತ್ಯಶಾಲೆಯಲ್ಲಿ ಕುಣಿಯುತ್ತಿದ್ದ ಸೂಸನ್ ಆನ್ ಸಲಿ, ಜೋಆನ್ ಕ್ಯಾಥರಾಲ್ ಎಂಬಿಬ್ಬರು ಗೆಳತಿಯರನ್ನು ಕಂಡು ಸಂಚಾರಕ್ಕೆ ಕರೆದನು. ಅವರಿನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯರು, ವೇದಿಕೆಯನ್ನು ಹತ್ತಿದವರಲ್ಲ. ತಂದೆತಾಯಿಗಳ ಅನುಮತಿಯನ್ನು ಪಡೆದು ಹೊರಟರು. ಹಳೆಯ ವೃಂದವನ್ನು ನಿರೀಕ್ಷಿಸಿ ಬಂದವರಲ್ಲಿ ಕೆಲವರು ಅವರನ್ನು ಹೀಯಾಳಿಸಿದರು. ಆ ಶ್ರೋತೃಗಳ ಪಕ್ಷವೂ ನಿರ್ಲಕ್ಷಿಸತಕ್ಕದ್ದಲ್ಲ, ಹಣ ಕೊಟ್ಟವರು ಅವರು.

ಮರುವರ್ಷ ಇಯಾನ್ ಬರ್ಡನ್, ಜೋ ಕ್ಯಾಲಿಸ್ ಎಂಬವರು ಸೇರಿದರು. ಮಾರ್ಟಿನ್ ರಷೆಂಟನು ಮುದ್ರಣದ ಹೊಣೆಯನ್ನು ಹೊತ್ತನು. 1981ರ ಅಕ್ಟೋಬರದಲ್ಲಿ ಬಂದ 'ಡೇರ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಕೊನೆಯ ಹಾಡಾದ 'ಡೋಂಟ್ ಯೂ ವಾಂಟ್ ಮಿ' ಆ ವರ್ಷದ ಕ್ರಿಸ್ಮಸ್ಸಿನಲ್ಲಿ ಬ್ರಿಟನ್ನಿನಲ್ಲಿಯೂ, 1982ರಲ್ಲಿ ಅಮೆರಿಕದಲ್ಲಿಯೂ ಅಗ್ರಸ್ಥಾನವನ್ನು ಪಡೆಯಿತು. ಅದನ್ನು ಪ್ರತ್ಯೇಕವಾಗಿ ಹೊರಡಿಸುವುದು ಓಕಿಗೇ ಇಷ್ಟವಿರಲಿಲ್ಲವಂತೆ!

ಈ ಜಯದಿಂದ ಅವನ ಹಕ್ಕು ಸಿದ್ಧವಾಯಿತೆನ್ನುವುದು ಸರಿಯಲ್ಲ. ವಿಭಾಗದ ನ್ಯಾಯಾನ್ಯಾಯವನ್ನು ವಿಭಾಗದ ದಿನದಲ್ಲಿ ನಿಂತು ಅಳೆಯಬೇಕೇ ಹೊರತು ಫಲವನ್ನು ಕಂಡ ಮೇಲಲ್ಲ. 'ಡೇರ್' ಸೋತಿದ್ದರೂ ಅವನ ಹಕ್ಕು ಅಷ್ಟೇ ಇರುತ್ತಿತ್ತು, ಸಾಲವು ಮಾತ್ರ ಹೆಚ್ಚುತ್ತಿತ್ತು. ಹೋದವರೂ ಬರಿಗೈಯಲ್ಲಿ ಹೋದವರಲ್ಲ, ವಿದ್ಯೆಯು ಅವರೊಡನೆಯೇ ಹೋಯಿತು. ಗ್ಲೆನ್ ಗ್ರೆಗರಿಯೊಡನೆ ಅವರು ಕಟ್ಟಿದ ಹೆವನ್ ಸೆವೆಂಟೀನ್ ವೃಂದದ 'ಟೆಂಪ್ಟೇಶನ್' 1983ರಲ್ಲಿ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. ಹೆಸರನ್ನು ಉಳಿಸಿಕೊಂಡವರಾದರೋ 1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೋಗಿ, ಜಿಮ್ಮಿ ಜ್ಯಾಮ್, ಟೆರಿ ಲೂಯಿಸ್ ಎಂಬವರು ಬರೆದ 'ಹ್ಯೂಮನ್' ಎಂಬ ಹಾಡಿನಿಂದ ಅಮೆರಿಕದಲ್ಲಿ ಪುನಃ ಅಗ್ರಸ್ಥಾನವನ್ನು ಪಡೆದರು. ಹಾಡು ಪರರದು, ಕಂಠ ತಮ್ಮದು, ಹೆಸರು ಹೋದವರು ಇಟ್ಟದ್ದು. ನಾಗಸೇನನ ರಥವು ಇಷ್ಟು ದೂರ ಓಡಿತ್ತೇ?

ಹೆಸರನ್ನಿಟ್ಟವರು ಅದರ ಅಡಿಯಲ್ಲಿ ಇದ್ದುದು ಮೂರು ವರ್ಷ. ಎರಡು ವಾರಗಳ ಅಗತ್ಯಕ್ಕೆಂಬಂತೆ ನೃತ್ಯಶಾಲೆಯಿಂದ ಬಂದ ಆ ಹುಡುಗಿಯರಿಬ್ಬರು ಓಕಿಯೊಡನೆ ಅದೇ ಹೆಸರಿನಲ್ಲಿ ನಲವತ್ತು ವರ್ಷಗಳನ್ನು ದಾಟಿ ಹಾಡಿರುವರು.